ಧೂಳು ಹಿಡಿಯುವ ಸುಳಿಗಾಳಿ

ಗಂಗಾವತಿ, ಕಾರಟಗಿ, ಸಿಂಧನೂರು. ಇದು ತುಂಗಭದ್ರೆಯ ಕಾಲುವೆ ನೀರು ಹರಿಯುವ ಸೀಮೆ. ಇಲ್ಲಿ ಭತ್ತ ಹೆಚ್ಚು. ಹಾಗಾಗಿ ಅಕ್ಕಿ ಗಿರಣಿಗಳೂ ಹೆಚ್ಚು. ಗಿರಣಿ ಬಂದರೆ ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ. ಜೊತೆಗೆ ಧೂಳೂ ಬರುತ್ತದೆ.

ಭತ್ತ ಹಸನು ಮಾಡುವಾಗ ಧೂಳು ಏಳುತ್ತದೆ. ಅದು ನಿಮಗೆ ಗೊತ್ತಿದ್ದದ್ದೇ. ಅದಕ್ಕಿಂತ ದೊಡ್ಡ ಕಾಟ ಬೂದಿಯದು. ಕುಸುಬಲಕ್ಕಿ ಮಾಡಲು ಭತ್ತವನ್ನು ಬೇಯಿಸಬೇಕು. ಬೇಯಿಸಲು ಬಾಯ್ಲರ್ ಉರಿಸಬೇಕು. ಅದಕ್ಕೆ ಹಾಕುವುದು ಏನು? ಅದೇ ಭತ್ತದ ಹೊಟ್ಟು. ಪುಕ್ಕಟೆ ಸೌದೆ! 100 ಕಿಲೋ ಭತ್ತದಲ್ಲಿ ಸುಮಾರು 20 ಕಿಲೋ ಹೊಟ್ಟು ಇರುತ್ತದೆ. ಅಷ್ಟು ಹೊಟ್ಟು ಸುಟ್ಟರೆ ಸುಮಾರು 4 ಕಿಲೋ ಬೂದಿ ಉಳಿಯುತ್ತದೆ. ಬಹಳ ಹಗುರ ಬೂದಿ. ಹೊಗೆ ಜೊತೆ ಚಿಮಣಿ ಹತ್ತಿ ಹಾರುತ್ತದೆ. ಒಣಗಲು ಹಾಕಿದ ಬಟ್ಟೆಯ ಮೇಲೆ, ಕೊಡದ ನೀರಿನಲ್ಲಿ, ಮಕ್ಕಳ ಕಣ್ಣಿನಲ್ಲಿ ಬೀಳುತ್ತದೆ. ಈ ಬೂದಿಯ ಹೆಚ್ಚು ಪಾಲು ಸಿಲಿಕಾ. ಮರಳಿನಲ್ಲಿ ಇರುವುದೂ ಅದೇ. ಕಣ್ಣು ಚುಚ್ಚದೆ ಇರುತ್ತದೆಯೆ?

ಈ ಬೂದಿಯನ್ನು ಹಿಡಿಯಲು ಒಂದು ಸಾಧನ ಇದೆ. ಅದರ ಹೆಸರು ಸೈಕ್ಲೋನ್. ಹೆಸರು ಕೇಳಿ ಚಂಡಮಾರುತ ಅಂದುಕೊಳ್ಳಬೇಡಿ. ಇದು ತಗಡಿನ ಒಂದು ಡ್ರಮ್. ಮೇಲೆ ದುಂಡಗೆ, ಕೆಳಗೆ ಲಾಳಿಕೆಯ ಹಾಗೆ ಚೂಪು. ಒಳಗೆ ತಿರುಗುವ ಯಂತ್ರ ಒಂದೂ ಇಲ್ಲ. ಹೊಸದೂ ಅಲ್ಲ. ಅಮೆರಿಕದಲ್ಲಿ 1880ರ ದಶಕದಲ್ಲೇ ಬಂದಿತ್ತು.

ಇದು ಕೆಲಸ ಮಾಡುವುದು ಹೇಗೆ? ಹೊಗೆಯ ಕೊಳವೆ ಡ್ರಮ್ಮಿನ ಪಕ್ಕದಲ್ಲಿ, ಗೋಡೆ ಸವರಿಕೊಂಡು ಒಳಗೆ ಸೇರುತ್ತದೆ. ಫ್ಯಾನು ಜೋರಾಗಿ ಎಳೆಯುತ್ತದೆ. ಆಗ ಹೊಗೆ ಒಳಗೆ ಗಿರಗಿರನೆ ಸುತ್ತುತ್ತದೆ. ಬಸ್ಸು ತಿರುವಿನಲ್ಲಿ ತಿರುಗಿದಾಗ ನಿಂತವರು ಏನಾಗುತ್ತಾರೆ? ಹೊರಮಗ್ಗುಲಿಗೆ ವಾಲುತ್ತಾರೆ, ಅಲ್ವಾ? ಬೂದಿಯೂ ಹಾಗೆಯೇ. ಗಾಳಿ ಹಗುರ, ಸುಲಭವಾಗಿ ತಿರುಗುತ್ತದೆ. ಬೂದಿ ಭಾರ, ಹೋಗಿ ಗೋಡೆಗೆ ತಾಗುತ್ತದೆ. ಗೋಡೆಗುಂಟ ಜಾರಿ ಕೆಳಗಿನ ಡಬ್ಬಿಗೆ ಬೀಳುತ್ತದೆ. ಗಾಳಿ ಮಾತ್ರ ನಡುವಿನಿಂದ ಮೇಲೆದ್ದು ನೆತ್ತಿಯ ಕೊಳವೆಯಿಂದ ಹೊರಗೆ ಹೋಗುತ್ತದೆ.

ಸೈಕ್ಲೋನ್ ಇದ್ದ ಗಿರಣಿಯಿಂದಲೂ ಬೂದಿ ಹಾರುವುದುಂಟು. ಯಾಕೆ? ಮೊದಲು ಅದರ ಬುಡ ನೋಡಬೇಕು. ಬೂದಿ ಬೀಳುವ ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಅಲ್ಲಿ ಸಂದಿ ಇದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಬಿದ್ದ ಬೂದಿಯನ್ನು ಮತ್ತೆ ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ. ಡಬ್ಬಿ ತುಂಬಿದರೂ ಅದೇ ಕಥೆ. ಇನ್ನೊಂದು, ಬೂದಿ ಉಜ್ಜಿ ಉಜ್ಜಿ ತಗಡು ಸವೆಯುತ್ತದೆ, ತೂತು ಬೀಳುತ್ತದೆ. ತೂತಿಗೆ ಗೋಣಿ ತುರುಕಿದರೆ ಸಾಲದು, ಬೆಸುಗೆ ಹಾಕಿಸಬೇಕು. ದೊಡ್ಡ ಖರ್ಚೇನಲ್ಲ.

ಎಲ್ಲ ಸರಿ ಇದ್ದರೂ ಸೈಕ್ಲೋನ್ ಎಲ್ಲ ಧೂಳನ್ನೂ ಹಿಡಿಯಲಾರದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ. ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 10 ಮೈಕ್ರಾನಿಗಿಂತ ದೊಡ್ಡ ಧೂಳನ್ನು ಸೈಕ್ಲೋನ್ ಚೆನ್ನಾಗಿ ಹಿಡಿಯುತ್ತದೆ. 5ಕ್ಕಿಂತ ಸಣ್ಣದು ಬಹಳಷ್ಟು ತಪ್ಪಿಸಿಕೊಳ್ಳುತ್ತದೆ. ದೊಡ್ಡ ಧೂಳನ್ನು ನಮ್ಮ ಮೂಗೇ ತಡೆಯುತ್ತದೆ. ಸಣ್ಣದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣದ್ದೇ ಹೆಚ್ಚು ಕೆಟ್ಟದ್ದು! ಅದನ್ನು ಹಿಡಿಯಲು ಸೈಕ್ಲೋನ್ ಆದಮೇಲೆ ಬಟ್ಟೆ ಚೀಲಗಳ ಸೋಸುಕ ಬೇಕು. ‘ನಮ್ಮಲ್ಲಿ ಸೈಕ್ಲೋನ್ ಇದೆ’ ಎಂದು ಮಾಲೀಕರು ಹೇಳಿದರೆ ಅದು ಅರ್ಧ ಉತ್ತರ ಅಷ್ಟೆ.

ಡಬ್ಬಿ ಖಾಲಿ ಮಾಡುವವರ ಪಾಡೂ ನೋಡಬೇಕು. ಬಿಸಿ ಬೂದಿಯ ಹತ್ತಿರ ಹೋಗಬಾರದು. ಆರಿದ ಮೇಲೆ ನೀರು ಚಿಮುಕಿಸಿ ತುಂಬಬೇಕು. ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಬೇಕು. ಅದನ್ನು ಕೊಡಬೇಕಾದವರು ಮಾಲೀಕರು. ಕೂಲಿಯಲ್ಲಿ ಹಿಡಿದುಕೊಳ್ಳುವಂತಿಲ್ಲ.

ಗಾಳಿ ಕೆಡಿಸುವುದನ್ನು ತಡೆಯಲು 1981ರಲ್ಲೇ ಕಾಯಿದೆ ಆಗಿದೆ. ನೋಡಿಕೊಳ್ಳುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕೊಪ್ಪಳ, ರಾಯಚೂರಿನಲ್ಲಿ ಅದರ ಕಚೇರಿಗಳಿವೆ. ಬೂದಿ ಬೀಳುತ್ತಿದ್ದರೆ ಅಲ್ಲಿಗೆ ಪತ್ರ ಬರೆಯಬಹುದು. ಈಗ ನಿಮಗೆ ಬರೆಯಲು ಬರುತ್ತದಲ್ಲ! ಯಾವ ಗಿರಣಿ, ಯಾವ ದಿನ, ಎಷ್ಟು ಹೊತ್ತಿಗೆ, ಬೂದಿ ಎಲ್ಲೆಲ್ಲಿ ಬಿತ್ತು, ಇಷ್ಟು ಬರೆದರೆ ಸಾಕು. ಓಣಿಯವರೆಲ್ಲ ಸಹಿ ಹಾಕಿ. ಹೆಬ್ಬೆಟ್ಟು ಬೇಡ. ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಮುಟ್ಟಿದ್ದಕ್ಕೆ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.