ರಿಮೋಟ್ ಕಾರು ಪಂದ್ಯ: ವೇಗದ ಹಿಂದಿನ ಲೆಕ್ಕಾಚಾರ

ರಿಮೋಟ್ ಕಾರು ಎಂದೊಡನೆ ಜಾತ್ರೆಯ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುವ, ವಾರದೊಳಗೆ ಚಕ್ರ ಕಳಚಿ ಮೂಲೆ ಸೇರುವ ಮಕ್ಕಳ ಆಟಿಕೆಯೇ ಬಹುತೇಕ ವರ್ತಕರ ಕಣ್ಣ ಮುಂದೆ ಬರುತ್ತದೆ. ಆದರೆ ಇದೇ ಹೆಸರಿನ ಇನ್ನೊಂದು ವಸ್ತುವೂ ಇದೆ. ನಿಜವಾದ ಕಾರಿನ ಹತ್ತನೆಯ ಅಥವಾ ಹನ್ನೆರಡನೆಯ ಒಂದು ಪಾಲು ಅಳತೆಯ, ವಿದ್ಯುತ್ ಮೋಟಾರಿನಿಂದ ಓಡುವ, ಪ್ರತಿಯೊಂದು ಸ್ಕ್ರೂ, ಗೇರು ಮತ್ತು ಬೇರಿಂಗನ್ನು ಬಿಚ್ಚಿ ಬದಲಿಸಬಹುದಾದ ಪಂದ್ಯದ ಕಾರು ಅದು. ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಇದೆ, ನಿಯಮಾವಳಿಯಿದೆ, ಅರ್ಧ ಶತಮಾನದ ವ್ಯಾಪಾರದ ಇತಿಹಾಸವೂ ಇದೆ.

ಇಂಜಿನಿಯರಿಂಗ್ ಕಾಲೇಜುಗಳ ತಾಂತ್ರಿಕ ಉತ್ಸವಗಳಲ್ಲಿ ಇಂಥ ಕಾರುಗಳ ಪಂದ್ಯ ಈಗ ಅಪರೂಪವೇನಲ್ಲ. ವಿದ್ಯಾರ್ಥಿಗಳ ಉತ್ಸಾಹವನ್ನು ಕಂಡು ಇದೊಂದು ಹೊಸ ವ್ಯಾಪಾರವಾಗಬಹುದೆಂದು ಯಾರಿಗಾದರೂ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಬಂಡವಾಳ ಹೂಡುವ ಮುನ್ನ ಈ ಕ್ರೀಡೆಯ ಏಳುಬೀಳುಗಳನ್ನು ಅರಿಯುವುದು ಕ್ಷೇಮ. ಇಲ್ಲಿ ಪಂದ್ಯ ಗೆದ್ದವರಿಗಿಂತ ದಾಸ್ತಾನು ಹೊತ್ತು ಸೋತವರ ಅನುಭವವೇ ಹೆಚ್ಚು ಪಾಠ ಕಲಿಸುತ್ತದೆ.

ಐದು ನಿಮಿಷದ ಪಂದ್ಯ

ಹತ್ತನೆಯ ಒಂದು ಅಳತೆಯ ವಿದ್ಯುತ್ ಕಾರುಗಳ ಪಂದ್ಯ ಸಾಮಾನ್ಯವಾಗಿ ಐದು ನಿಮಿಷ, ಹನ್ನೆರಡನೆಯ ಒಂದು ಅಳತೆಯದು ಎಂಟು ನಿಮಿಷ ನಡೆಯುತ್ತದೆ. ನಿಗದಿತ ಅವಧಿಯಲ್ಲಿ ಹೆಚ್ಚು ಸುತ್ತು ಮುಗಿಸಿದವರು ವಿಜೇತರು. ಮೊದಲು ಅರ್ಹತಾ ಸುತ್ತುಗಳು ನಡೆದು, ಅವುಗಳ ಫಲಿತಾಂಶದಂತೆ ಸ್ಪರ್ಧಿಗಳನ್ನು ಬೇರೆ ಬೇರೆ ಅಂತಿಮ ಪಂದ್ಯಗಳಿಗೆ ವಿಂಗಡಿಸಲಾಗುತ್ತದೆ. ಒಂದು ಸುತ್ತಿನಲ್ಲಿ ಕಾರು ಓಡಿಸಿದವರು ಮುಂದಿನ ಸುತ್ತಿನಲ್ಲಿ ಪಥದ ಬದಿಯಲ್ಲಿ ನಿಂತು, ಮಗುಚಿ ಬಿದ್ದ ಇತರರ ಕಾರುಗಳನ್ನು ನೆಟ್ಟಗೆ ನಿಲ್ಲಿಸಬೇಕೆಂಬುದು ಎಲ್ಲೆಡೆ ಪಾಲಿಸಲ್ಪಡುವ ಪದ್ಧತಿ. ಸಂಬಳದ ನೌಕರರಿಲ್ಲದೆ ಕ್ಲಬ್ಬುಗಳು ಪಂದ್ಯ ನಡೆಸಲು ಸಾಧ್ಯವಾಗಿರುವುದು ಇಂಥ ಪರಸ್ಪರ ಸಹಕಾರದಿಂದಲೇ.

ಮೋಟಾರಿನ ತುದಿಯ ಚಿಕ್ಕ ಗೇರಿಗೆ ಒಂದೆರಡು ಹಲ್ಲು ಹೆಚ್ಚಿಸಿದರೆ ಕಾರಿನ ವೇಗ ಏರುತ್ತದೆ. ಆದರೆ ಮೋಟಾರು ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಬರಿದಾಗುತ್ತದೆ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಲ್ಲಿ ಮೊದಲ ಮೂರು ನಿಮಿಷ ಎಲ್ಲರಿಗಿಂತ ಮುಂದಿದ್ದು, ಕೊನೆಯ ನಿಮಿಷದಲ್ಲಿ ಶಕ್ತಿಗುಂದಿ ತೆವಳುವ ಕಾರುಗಳು ಪ್ರತಿ ಪಂದ್ಯದಲ್ಲೂ ಕಾಣುತ್ತಿದ್ದವು. ಇದ್ದ ಶಕ್ತಿಯನ್ನು ಪೂರ್ತಿ ಅವಧಿಗೆ ಹಂಚಿಕೊಂಡವನೇ ಗೆಲ್ಲುತ್ತಿದ್ದನು. ದುಡಿಯುವ ಬಂಡವಾಳವನ್ನು ಮೊದಲ ಮೂರು ತಿಂಗಳಲ್ಲೇ ಮುಗಿಸಿ ವರ್ಷಾಂತ್ಯಕ್ಕೆ ಪರದಾಡುವ ಅಂಗಡಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉದ್ಯಮ ಬೆಳೆದ ಬಗೆ

ಅಮೆರಿಕದಲ್ಲಿ ಈ ಕ್ರೀಡೆಯ ನಿಯಂತ್ರಣ ಸಂಸ್ಥೆಯಾದ ರೋರ್ 1967ರಲ್ಲಿಯೂ, ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಮಾರ್ 1979ರಲ್ಲಿಯೂ ಸ್ಥಾಪನೆಗೊಂಡವು. ಆದರೆ ವಿದ್ಯುತ್ ಕಾರುಗಳನ್ನು ಮನೆಮನೆಗೆ ತಲುಪಿಸಿದ ಕೀರ್ತಿ ಬಹುಪಾಲು ಜಪಾನಿನ ಶಿಜುವೋಕಾ ನಗರದ ತಮಿಯಾ ಸಂಸ್ಥೆಗೆ ಸಲ್ಲಬೇಕು. ಮರದ ವ್ಯಾಪಾರದಿಂದ ಆರಂಭವಾಗಿ ಪ್ಲಾಸ್ಟಿಕ್ ಮಾದರಿಗಳ ತಯಾರಿಕೆಗೆ ಬಂದ ಈ ಸಂಸ್ಥೆ, ಪೋರ್ಷೆ ಕಾರಿನ ನಿಖರ ಮಾದರಿ ತಯಾರಿಸಲು ನಿಜವಾದ ಪೋರ್ಷೆಯನ್ನೇ ಕೊಂಡು ಬಿಚ್ಚಿ ಅಭ್ಯಾಸ ಮಾಡಿತು. ಅಷ್ಟು ಶ್ರಮದಿಂದ ಸಿದ್ಧವಾದ ಪೋರ್ಷೆ 934 ಕೇವಲ ಕಪಾಟಿನ ಅಲಂಕಾರವಾಗಿ ಉಳಿಯಲಿಲ್ಲ. 1976ರಲ್ಲಿ ಅದೇ ಕಾರು ಸಂಸ್ಥೆಯ ಮೊದಲ ರೇಡಿಯೋ ನಿಯಂತ್ರಿತ ಕಾರಾಗಿಯೂ ಮಾರುಕಟ್ಟೆಗೆ ಬಂದಿತು. ಒಂದು ವಿನ್ಯಾಸದ ವೆಚ್ಚವನ್ನು ಎರಡು ಉತ್ಪನ್ನಗಳ ಮೇಲೆ ಹಂಚುವ ಈ ಕ್ರಮ ಅಚ್ಚು ತಯಾರಿಸುವ ಪ್ರತಿಯೊಬ್ಬ ಉದ್ಯಮಿಗೂ ಮನನೀಯವಾಗಿದೆ.

1984ರಲ್ಲಿ ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಎಲೆಕ್ಟ್ರಿಕ್ಸ್ ಸಂಸ್ಥೆಯು ಪಂದ್ಯಕ್ಕೆಂದೇ ರೂಪಿಸಿದ ಆರ್‌ಸಿ10 ಕಾರನ್ನು ಅಲ್ಯೂಮಿನಿಯಂ ಚಾಸಿಸ್‌ನೊಂದಿಗೆ ತಂದಿತು. ಮರುವರ್ಷ, ಅಂದರೆ 1985ರಲ್ಲಿ, ಅದೇ ರಾಜ್ಯದ ಡೆಲ್ ಮಾರ್‌ನಲ್ಲಿ ಹತ್ತನೆಯ ಒಂದು ಅಳತೆಯ ಮಣ್ಣಿನ ಪಥದ ವಿದ್ಯುತ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1986ರಲ್ಲಿ ಟೆಕ್ಸಾಸ್‌ನಲ್ಲಿ ಆರಂಭಗೊಂಡ ಟ್ರಾಕ್ಸಸ್ ಸಂಸ್ಥೆಯು, ಪೂರ್ತಿ ಜೋಡಿಸಿದ, ಪೆಟ್ಟಿಗೆ ತೆರೆದೊಡನೆ ಓಡಿಸಬಹುದಾದ ಕಾರುಗಳನ್ನು ಜನಪ್ರಿಯಗೊಳಿಸಿತು. ಇದರಿಂದ ಗ್ರಾಹಕರ ಸಂಖ್ಯೆ ಹೆಚ್ಚಿತಾದರೂ, ಕೈಯಾರೆ ಜೋಡಿಸಿ ಯಂತ್ರದ ಒಳಗುಟ್ಟು ಅರಿಯುತ್ತಿದ್ದ ಗ್ರಾಹಕರ ಪ್ರಮಾಣ ಕಡಿಮೆಯಾಯಿತು. ಕಾರು ಮುರಿದಾಗ ತಾನೇ ದುರಸ್ತಿ ಮಾಡಿಕೊಳ್ಳಬಲ್ಲ ಗ್ರಾಹಕನು ಮತ್ತೆ ಮತ್ತೆ ಅಂಗಡಿಗೆ ಬರುತ್ತಾನೆ. ಉಳಿದವನು ಕಾರನ್ನು ಅಟ್ಟಕ್ಕೇರಿಸಿ ಸುಮ್ಮನಾಗುತ್ತಾನೆ.

ಹಾಲೆಂಡಿನ ಎಎಂಬಿ ಸಂಸ್ಥೆಯ ಕಥೆಯೂ ಇಲ್ಲಿ ಉಲ್ಲೇಖನೀಯ. 1982ರಲ್ಲಿ ಮಾದರಿ ಕಾರುಗಳ ಪಂದ್ಯದಲ್ಲಿ ಸುತ್ತುಗಳ ಸಮಯ ಅಳೆಯುವ ಚಿಕ್ಕ ಉಪಕರಣದಿಂದ ಕೆಲಸ ಆರಂಭಿಸಿದ ಈ ಸಂಸ್ಥೆ, ಮುಂದೆ ಮೈಲ್ಯಾಪ್ಸ್ ಎಂಬ ಹೆಸರಿನಲ್ಲಿ ದೊಡ್ಡ ಮೋಟಾರು ಪಂದ್ಯಗಳಿಗೂ ಮ್ಯಾರಥಾನ್ ಓಟಗಳಿಗೂ ಸಮಯ ಅಳೆಯುವ ವ್ಯವಸ್ಥೆ ಒದಗಿಸುವ ಮಟ್ಟಕ್ಕೆ ಬೆಳೆಯಿತು. ಕಾರನ್ನೇ ಮಾಡದೆ, ಕಾರಿನ ಸುತ್ತಲಿನ ಅಗತ್ಯವೊಂದನ್ನು ಪೂರೈಸಿ ಗಳಿಸಿದ ಯಶಸ್ಸು ಇದು.

ಬ್ಯಾಟರಿ ಬದಲಾದಾಗ

ಈ ವ್ಯಾಪಾರದ ಅತಿ ದೊಡ್ಡ ಏರಿಳಿತ ಉಂಟಾದುದು ತಂತ್ರಜ್ಞಾನ ಬದಲಾದಾಗ. 1980ರ ದಶಕದಲ್ಲಿ ಆರು ನಿಕಲ್ ಕ್ಯಾಡ್ಮಿಯಂ ಸೆಲ್ಲುಗಳ 7.2 ವೋಲ್ಟಿನ ಕಟ್ಟು ಬಳಕೆಯಲ್ಲಿತ್ತು. ಅದರ ಸಾಮರ್ಥ್ಯ 1200 ಮಿಲಿ ಆಂಪಿಯರ್ ಗಂಟೆಯಷ್ಟಿತ್ತು. ಸಮಾನ ಗುಣದ ಸೆಲ್ಲುಗಳನ್ನು ಪರೀಕ್ಷಿಸಿ, ಆರಿಸಿ, ಜೊತೆಗೂಡಿಸಿ ಹೆಚ್ಚಿನ ಬೆಲೆಗೆ ಮಾರುವುದೇ ಒಂದು ಪ್ರತ್ಯೇಕ ಕಸುಬಾಗಿ ಬೆಳೆಯಿತು. ಮೋಟಾರುಗಳಲ್ಲಿ ಕಾರ್ಬನ್ ಬ್ರಷ್ ಇದ್ದುದರಿಂದ, ಬ್ರಷ್ಷುಗಳು, ಅವುಗಳ ಸ್ಪ್ರಿಂಗು ಹಾಗೂ ಕಮ್ಯುಟೇಟರ್ ಸವರುವ ಪುಟ್ಟ ಲೇಥ್ ಯಂತ್ರಗಳಿಗೆ ಸದಾ ಬೇಡಿಕೆಯಿತ್ತು. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಗಳು ಬಂದಾಗ ಸಾಮರ್ಥ್ಯ 3000 ಮಿಲಿ ಆಂಪಿಯರ್ ಗಂಟೆಯನ್ನು ದಾಟಿತು.

ಆನಂತರ 2000ದ ದಶಕದಲ್ಲಿ ಬ್ರಷ್ ಇಲ್ಲದ ಮೋಟಾರು ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿಗಳು ಒಂದರ ಹಿಂದೊಂದು ಪ್ರವೇಶಿಸಿದವು. ಎರಡೇ ಸೆಲ್ಲುಗಳ 7.4 ವೋಲ್ಟಿನ ಬ್ಯಾಟರಿ ಐದು ನಿಮಿಷದ ಪಂದ್ಯ ಮುಗಿಸಿಯೂ ಶಕ್ತಿ ಉಳಿಸಿಕೊಳ್ಳತೊಡಗಿತು. ಆಟಗಾರನಿಗೆ ಇದು ವರವಾಯಿತು. ಆದರೆ ಸೆಲ್ಲು ಜೊತೆಗೂಡಿಸುವ ಕಸುಬು, ಬ್ರಷ್ ಮಾರಾಟ, ಪುಟ್ಟ ಲೇಥುಗಳ ಬೇಡಿಕೆ ಇವೆಲ್ಲವೂ ಕೆಲವೇ ವರ್ಷಗಳಲ್ಲಿ ಕರಗಿದವು. ಹಳೆಯ ಚಾರ್ಜರುಗಳೂ ಹೊಸ ಬ್ಯಾಟರಿಗೆ ಹೊಂದಲಿಲ್ಲ. ಇದೇ ಕಾಲದಲ್ಲಿ ರೇಡಿಯೋ ಉಪಕರಣಗಳು 27 ಮೆಗಾಹರ್ಟ್ಸ್ ಮುಂತಾದ ಹಳೆಯ ತರಂಗಗಳಿಂದ 2.4 ಗಿಗಾಹರ್ಟ್ಸ್‌ಗೆ ಬದಲಾದವು. ಮೊದಲು ಇಬ್ಬರ ಬಳಿ ಒಂದೇ ಕ್ರಿಸ್ಟಲ್ ಇದ್ದರೆ ಕಾರು ಹತೋಟಿ ತಪ್ಪುತ್ತಿದ್ದುದರಿಂದ ಪ್ರತಿ ಆಟಗಾರನೂ ಹಲವು ಕ್ರಿಸ್ಟಲ್‌ಗಳನ್ನು ಕೊಳ್ಳುತ್ತಿದ್ದನು. ಆ ಮಾರಾಟವೂ ನಿಂತಿತು.

ದೊಡ್ಡ ಸಂಸ್ಥೆಗಳಿಗೂ ಈ ವ್ಯಾಪಾರದಲ್ಲಿ ಪೆಟ್ಟು ತಪ್ಪಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ನಗರದಲ್ಲಿದ್ದ, ಹವ್ಯಾಸಿ ಸರಕುಗಳ ಬೃಹತ್ ವಿತರಕ ಸಂಸ್ಥೆ ಹಾಬಿಕೊ 2018ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು. ಅದರ ರೇಡಿಯೋ ನಿಯಂತ್ರಿತ ವಾಹನಗಳ ವ್ಯವಹಾರದ ಹಲವು ಭಾಗಗಳನ್ನು ಅದೇ ನಗರದ ಪ್ರತಿಸ್ಪರ್ಧಿ ಹೊರೈಜನ್ ಹಾಬಿ ಕೊಂಡುಕೊಂಡಿತು.

ನಿಯಮವೇ ರಕ್ಷೆ

ವೇಗ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ, ಖರ್ಚು ಹೆಚ್ಚಿದಂತೆ ಹೊಸಬರು ದೂರ ಸರಿಯುತ್ತಾರೆ. ಹಣವಂತರಾದ ನಾಲ್ಕು ಜನರಷ್ಟೇ ಉಳಿದ ಕ್ಲಬ್ಬು ಹೆಚ್ಚು ಕಾಲ ಬಾಳುವುದಿಲ್ಲ. ಈ ಅಪಾಯವನ್ನು ತಡೆಯಲು ಅನೇಕ ದೇಶಗಳಲ್ಲಿ ಮೋಟಾರಿನ ಸುರುಳಿಯ ಸುತ್ತು, ಟೈರು ಮತ್ತು ಬ್ಯಾಟರಿಯನ್ನು ನಿಯಮದಿಂದ ಮಿತಿಗೊಳಿಸಿದ ವರ್ಗಗಳನ್ನು ಏರ್ಪಡಿಸಲಾಗಿದೆ. 17.5 ಸುತ್ತಿನ ಮೋಟಾರಿನ ವರ್ಗ ಇದಕ್ಕೆ ಪರಿಚಿತ ಉದಾಹರಣೆ. ಕೆಲವು ಪಂದ್ಯಗಳಲ್ಲಿ ಸಂಘಟಕರೇ ಎಲ್ಲರಿಗೂ ಒಂದೇ ಬಗೆಯ ಮೋಟಾರು ಹಂಚುವುದುಂಟು.

ವರ್ತಕರ ದೃಷ್ಟಿಯಿಂದ ಇದರ ಮಹತ್ವ ದೊಡ್ಡದು. ನಿಯಮ ಸ್ಥಿರವಾಗಿದ್ದರೆ ಅಂಗಡಿಯವರು ಎರಡು ಬಗೆಯ ಮೋಟಾರು, ಒಂದು ಬಗೆಯ ಟೈರು ದಾಸ್ತಾನಿಟ್ಟರೆ ಸಾಕು. ನಿಯಮವಿಲ್ಲದಿದ್ದರೆ ಇಪ್ಪತ್ತು ಬಗೆ ಇಡಬೇಕು. ಅವುಗಳಲ್ಲಿ ಹದಿನೈದು ಮಾರಾಟವಾಗದೆ ಧೂಳು ಹಿಡಿಯುತ್ತವೆ.

ಒಂದು ಕಾಲ್ಪನಿಕ ಲೆಕ್ಕ

ಉದಾಹರಣೆಗಾಗಿ, ವಿದ್ಯಾನಗರದಂಥ ಬಡಾವಣೆಯ ಬಾಡಿಗೆ ಮಳಿಗೆಯಲ್ಲಿ ಇಂಥ ಅಂಗಡಿಯೊಂದನ್ನು ತೆರೆಯಲಾಯಿತು ಎಂದು ಭಾವಿಸೋಣ. ತಲಾ 25,000 ರೂ. ಬೆಲೆಯ 10 ಕಾರುಗಳಿಗೆ 2.5 ಲಕ್ಷ ರೂ., ತಲಾ 3,000 ರೂ. ಬೆಲೆಯ 40 ಬ್ಯಾಟರಿಗಳಿಗೆ 1.2 ಲಕ್ಷ ರೂ., ಬಿಡಿಭಾಗಗಳಿಗೆ 1.3 ಲಕ್ಷ ರೂ. ಹೀಗೆ ಒಟ್ಟು ದಾಸ್ತಾನು 5 ಲಕ್ಷ ರೂ. ವರ್ಷಕ್ಕೆ ಎರಡು ಬಾರಿ ಈ ದಾಸ್ತಾನು ತಿರುಗಿ, ಅಸಲಿನ ಮೇಲೆ ಶೇ. 20ರಷ್ಟು ಲಾಭವಿಟ್ಟು ಮಾರಿದರೆ ಒಟ್ಟು ಲಾಭ 2 ಲಕ್ಷ ರೂ. ತಿಂಗಳಿಗೆ 8,000 ರೂ.ನಂತೆ ಬಾಡಿಗೆ 96,000 ರೂ., ಶೇ. 12ರಂತೆ ಬಡ್ಡಿ 60,000 ರೂ. ಕಳೆದರೆ ಉಳಿಯುವುದು 44,000 ರೂ. ಸಂಬಳ, ವಿದ್ಯುತ್ ಬಿಲ್ಲು ಇದರಲ್ಲಿ ಸೇರಿಲ್ಲ.

ಈಗ ಹೊಸ ಬಗೆಯ ಬ್ಯಾಟರಿ ಬಂದು, ಅರ್ಧದಷ್ಟು ಹಳೆಯ ಬ್ಯಾಟರಿಗಳನ್ನು ಕಾಲು ಬೆಲೆಗೆ ಮಾರಬೇಕಾಯಿತು ಎನ್ನೋಣ. 60,000 ರೂ. ಸರಕಿನಿಂದ ಬರುವುದು 15,000 ರೂ., ನಷ್ಟ 45,000 ರೂ. ವರ್ಷದ ದುಡಿಮೆಯೆಲ್ಲ ಹೋಗಿ ಮೇಲೆ ಸಾವಿರ ರೂಪಾಯಿ ಕೈಯಿಂದ ಹಾಕಿದಂತಾಯಿತು.

ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಅಸಲು ಅಥವಾ ನಿವ್ವಳ ವಸೂಲಿ ಮೌಲ್ಯ, ಇವುಗಳಲ್ಲಿ ಕಡಿಮೆಯಾದ ಮೊತ್ತಕ್ಕೆ ತೋರಿಸಬೇಕು. ಹಳೆಯ ಬ್ಯಾಟರಿಗಳನ್ನು ಕೊಂಡ ಬೆಲೆಗೇ ತೋರಿಸುತ್ತ ಹೋದರೆ ಕಾಗದದ ಮೇಲೆ ಲಾಭ ಕಾಣುತ್ತದೆ, ಪೆಟ್ಟಿಗೆಯಲ್ಲಿ ಹಣವಿರುವುದಿಲ್ಲ. ಇನ್ನೊಂದು ಅಂಶವೂ ಗಮನಾರ್ಹ. ಸರಕನ್ನು ನಾಶಪಡಿಸಿದರೆ ಅಥವಾ ಪುಸ್ತಕದಿಂದ ಪೂರ್ಣವಾಗಿ ತೆಗೆದುಹಾಕಿದರೆ, ಜಿಎಸ್‌ಟಿ ಕಾಯ್ದೆಯ 17(5) ಕಲಮಿನಂತೆ ಅದರ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಆದುದರಿಂದ ಹಳತಾಗುತ್ತಿರುವ ಸರಕನ್ನು ಸಕಾಲದಲ್ಲಿ ರಿಯಾಯಿತಿ ದರಕ್ಕೆ ಮಾರುವುದೇ ಲೇಸು.

ಆಮದು ಮತ್ತು ಅನುಮತಿ

ಪಂದ್ಯದ ಕಾರುಗಳು ಬಹುತೇಕ ಹೊರದೇಶಗಳಿಂದಲೇ ಬರುತ್ತವೆ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು 2020ರ ಮುಂಗಡಪತ್ರದಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಯಿತು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು, 14 ವರ್ಷಕ್ಕಿಂತ ಕಿರಿಯರ ಆಟಕ್ಕೆಂದು ಉದ್ದೇಶಿಸಿದ ವಸ್ತುಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ವಿದ್ಯುತ್ ಆಟಿಕೆಗಳಿಗೆ ಐಎಸ್ 15644 ಮಾನಕ ಅನ್ವಯಿಸುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ವಯಸ್ಸಿನ ಸೂಚನೆಯೊಂದನ್ನೇ ನಂಬಿ ಸರಕು ತರಿಸದೆ, ವರ್ಗೀಕರಣವನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು.

2.4 ಗಿಗಾಹರ್ಟ್ಸ್ ತರಂಗದ ಕಡಿಮೆ ಶಕ್ತಿಯ ಉಪಕರಣಗಳ ಬಳಕೆಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆತಿದೆ. ಆದರೆ ಅವುಗಳ ಆಮದಿಗೆ ಉಪಕರಣ ಮಾದರಿಯ ಅನುಮೋದನೆ ಬೇಕು. ಬ್ಯಾಟರಿ ಆಮದು ಮಾಡುವವರು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಉತ್ಪಾದಕರ ಹೊಣೆಗೆ ಒಳಪಡುತ್ತಾರೆ. ಲಿಥಿಯಂ ಬ್ಯಾಟರಿಗಳನ್ನು ಅಪಾಯಕಾರಿ ಸರಕೆಂದು ಪರಿಗಣಿಸುವುದರಿಂದ ವಿಮಾನದ ಸಾಗಣೆಗೆ ಕಟ್ಟುನಿಟ್ಟಿನ ನಿಬಂಧನೆಗಳಿವೆ. ಉಬ್ಬಿದ ಅಥವಾ ಪೆಟ್ಟುಬಿದ್ದ ಬ್ಯಾಟರಿಗೆ ಬೆಂಕಿ ಹತ್ತುವ ಸಂಭವವಿರುವುದರಿಂದ ಮಳಿಗೆಯ ವಿಮಾ ಪಾಲಿಸಿಯ ಷರತ್ತುಗಳನ್ನೂ ಓದಿಕೊಳ್ಳುವುದು ಅವಶ್ಯ.

ಸ್ಥಳೀಯ ತಯಾರಕರಿಗೆ ಎಲ್ಲಿದೆ ಅವಕಾಶ?

ಆಮದು ದುಬಾರಿಯಾದಾಗ ಸ್ಥಳೀಯ ತಯಾರಿಕೆಗೆ ಬಾಗಿಲು ತೆರೆಯುತ್ತದೆ. ಚನ್ನಪಟ್ಟಣದ ಮರದ ಗೊಂಬೆಗಳ ಪರಂಪರೆಯುಳ್ಳ ನಮ್ಮ ರಾಜ್ಯದಲ್ಲಿ, ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಸಂಸ್ಥೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನೆರವೇರಿತು. ಸುಮಾರು 400 ಎಕರೆಯ ಅಂಥ ಯೋಜನೆಯೊಂದಿಗೆ ಸಣ್ಣ ಘಟಕಗಳು ಪೈಪೋಟಿ ನಡೆಸುವುದು ಅಸಾಧ್ಯ, ಅನಗತ್ಯವೂ ಹೌದು.

ತುಂಗಾ ಸೇತುವೆ ದಾಟಿ ವಿದ್ಯಾನಗರದ ಮೂಲಕ ಭದ್ರಾವತಿಗೆ ಸಾಗುವ ಬಿ.ಹೆಚ್. ರಸ್ತೆಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಎರಕದ ಕೆಲಸ ಹಾಗೂ ವಾಹನಗಳ ಬಿಡಿಭಾಗಗಳ ತಯಾರಿಕೆಯಲ್ಲಿ ಶಿವಮೊಗ್ಗ ಹೆಸರು ಗಳಿಸಿದ್ದರೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶತಮಾನದ ಇತಿಹಾಸವುಳ್ಳದ್ದು. ಇಲ್ಲಿನ ಸಣ್ಣ ಯಂತ್ರಾಗಾರಗಳಿಗೆ ಪೂರ್ತಿ ಕಾರು ತಯಾರಿಸುವ ಸಾಹಸಕ್ಕಿಂತ, ಪದೇ ಪದೇ ಸವೆಯುವ ಮತ್ತು ಮುರಿಯುವ ಭಾಗಗಳಾದ ಉಕ್ಕಿನ ಗೇರು, ಶಾಫ್ಟು, ಅಲ್ಯೂಮಿನಿಯಂ ಮೋಟಾರ್ ಹಿಡಿಕೆಗಳ ತಯಾರಿಕೆ ಹೆಚ್ಚು ಹೊಂದುತ್ತದೆ. ಬ್ಯಾಟರಿ ಬದಲಾದರೂ ಗೇರಿನ ಹಲ್ಲು ಸವೆಯುವುದು ನಿಲ್ಲುವುದಿಲ್ಲ. ಆದರೆ ಇದಕ್ಕೆ ಸೂಕ್ಷ್ಮ ಅಳತೆಯ ನಿಖರತೆ ಬೇಕು. ಬೇಡಿಕೆ ಸಣ್ಣದಾಗಿರುವುದರಿಂದ ಹೊಸ ಯಂತ್ರಕ್ಕೆ ಸಾಲ ಮಾಡುವ ಬದಲು, ಇರುವ ಯಂತ್ರದ ಬಿಡುವಿನ ವೇಳೆಯನ್ನು ಬಳಸಿಕೊಳ್ಳುವುದು ಜಾಣತನ.

ಅಂಗಡಿ ತೆರೆಯಲಿಚ್ಛಿಸುವವರು ಮೊದಲು ಕಾಲೇಜುಗಳ ಸಹಯೋಗದಲ್ಲಿ ಒಂದು ಕ್ಲಬ್ಬು, ಒಂದು ಪಥ ಮತ್ತು ಒಂದು ಪುಟದ ನಿಯಮಾವಳಿಯನ್ನು ಸಿದ್ಧಪಡಿಸಬೇಕು. ಒಂದೇ ವರ್ಗದ ಕಾರು, ಒಂದೇ ಬಗೆಯ ಮೋಟಾರು, ಒಂದೇ ಬಗೆಯ ಟೈರು ಎಂದು ನಿಶ್ಚಯಿಸಿ, ಕನಿಷ್ಠ ಎರಡು ವರ್ಷ ಅದನ್ನು ಬದಲಿಸದಿರುವುದು ಉತ್ತಮ. ಬ್ಯಾಟರಿಗಳನ್ನು ಮೂರು ತಿಂಗಳ ಮಾರಾಟಕ್ಕಿಂತ ಹೆಚ್ಚು ದಾಸ್ತಾನಿಡಬಾರದು. ಕಾರುಗಳನ್ನು ಸಾಧ್ಯವಾದಷ್ಟೂ ಮುಂಗಡ ಪಡೆದು ತರಿಸಬೇಕು. ಬಿಡಿಭಾಗಗಳು ಮಾತ್ರ ಸದಾ ಕೈಯಳತೆಯಲ್ಲಿರಬೇಕು. ಭಾನುವಾರದ ಪಂದ್ಯದಲ್ಲಿ ಮುರಿದ ಭಾಗ ಸೋಮವಾರ ಸಂಜೆಯೊಳಗೆ ದೊರೆತರೆ ಆ ಗ್ರಾಹಕನು ಮುಂದಿನ ಭಾನುವಾರವೂ ಪಥಕ್ಕೆ ಬರುತ್ತಾನೆ, ಅಂಗಡಿಯ ಬಾಡಿಗೆಯೂ ಅಂಥವರಿಂದಲೇ ಹುಟ್ಟುತ್ತದೆ.