ಮೇದಸ್ಸಿನಲ್ಲಿ ಆರದ ಉರಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಒಬ್ಬರು ಕಂಡುದು ಇನ್ನೊಬ್ಬರು ಕಂಡುದಕ್ಕೆ ಸ್ವಲ್ಪವೂ ಹೊಂದದಂತೆ ತೋರುವ ಎರಡು ಸಂಗತಿಗಳನ್ನು ಇಬ್ಬರು ವೈದ್ಯರು ಅರ್ಬುದರೋಗದ ವಿಷಯದಲ್ಲಿ ಗುರುತಿಸಿದರು. ಬರ್ಲಿನ್ನಿನ ರುಡಾಲ್ಫ್ ವಿರ್ಚೋ ಅವರು 1863ರಲ್ಲಿ, ಗಂತಿಗಳ ಒಳಗೆ ಬಿಳಿಯ ರಕ್ತಕಣಗಳು ಗುಂಪುಗೂಡಿ ನೆಲೆಸಿರುವುದನ್ನು ಲಕ್ಷಿಸಿ, ಉರಿಯೂತವು ಬಹುಕಾಲ ನಿಂತಿರುವ ಎಡೆಯಲ್ಲಿಯೇ ಅರ್ಬುದವು ತಲೆಯೆತ್ತುವುದೆಂದು ತರ್ಕಿಸಿದರು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿಯವರಾದರೋ, 1891ರಲ್ಲಿ, ಶಸ್ತ್ರಕ್ರಿಯೆಗೆ ಎಟುಕದ ಗಂತಿಯಿಂದ ಬಳಲುತ್ತಿದ್ದ ರೋಗಿಯೊಬ್ಬನಿಗೆ, ವಿಸರ್ಪವೆಂಬ ಚರ್ಮವ್ಯಾಧಿಯನ್ನುಂಟುಮಾಡುವ ಬ್ಯಾಕ್ಟೀರಿಯಗಳನ್ನು ಬೇಕೆಂದೇ ಚುಚ್ಚಿ, ಘೋರವಾದ ಜ್ವರ ಬಂದು ಇಳಿದ ಮೇಲೆ ಗಂತಿಯು ಕುಗ್ಗಿಹೋದುದನ್ನು ಕಂಡರು. ಒಬ್ಬರ ಮತದಲ್ಲಿ ಉರಿಯೂತವು ಅರ್ಬುದದ ಹುಟ್ಟಿಗೆ ಕಾರಣ. ಇನ್ನೊಬ್ಬರ ಅನುಭವದಲ್ಲಿ ಅದೇ ಅದರ ನಾಶಕ್ಕೆ ಕಾರಣ.

ಇಬ್ಬರಲ್ಲಿ ಯಾರೂ ತಪ್ಪಿರಲಿಲ್ಲವೆಂಬುದು ತಿಳಿದುಬರಲು ನೂರು ವರ್ಷಗಳೇ ಹಿಡಿದವು. ಮೈಗೆ ಮುಳ್ಳು ನೆಟ್ಟಾಗ ಆ ಎಡೆ ಕೆಂಪಗಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದೂ ನಾಲ್ಕಾರು ದಿನಗಳಲ್ಲಿ ತಾನಾಗಿ ಶಮನವಾಗುವುದೂ ಎಲ್ಲರೂ ಬಲ್ಲ ಸಂಗತಿಯೇ. ಆ ಊತದೊಳಗೆ ನಡೆಯತಕ್ಕ ಕಾರ್ಯವನ್ನು ಕಣ್ಣಾರೆ ಕಂಡವರಲ್ಲೊಬ್ಬರು ರಷ್ಯದ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸೀನಾ ಪಟ್ಟಣದಲ್ಲಿ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಮರುದಿನ ಬೆಳಗ್ಗೆ ನೋಡಲಾಗಿ, ಚಲಿಸುವ ಕೋಶಗಳು ಮುಳ್ಳನ್ನು ಸುತ್ತುಗಟ್ಟಿದ್ದುವು. ಹೊರಗಿನಿಂದ ಬಂದುದನ್ನೂ ಒಳಗೆ ಸತ್ತುದನ್ನೂ ನುಂಗಿ ಅರಗಿಸುವ ಈ ಭಕ್ಷಕಕೋಶಗಳು ಮುಳ್ಳು ಹೋದೊಡನೆ ಮರಳಿ ಶಾಂತವಾಗುವುದು ಆರೋಗ್ಯದ ಲಕ್ಷಣ. ಮುಳ್ಳೇ ಇಲ್ಲದೆಡೆ ಅವು ನೆರೆದು, ನೆರೆದ ಮೇಲೆ ಚದರಲೊಲ್ಲದೆ ವರ್ಷಗಟ್ಟಲೆ ನಿಂತರೆ ಏನಾಗುವುದೆಂಬುದೇ ಈ ಅಧ್ಯಾಯದ ವಿಷಯ. ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ ಅವರು 1986ರಲ್ಲಿ ಬರೆದ ಲೇಖನವೊಂದರಲ್ಲಿ ಗಂತಿಯನ್ನು ಮಾಯದ ಗಾಯವೆಂದು ಕರೆದುದು ಇದೇ ಅರ್ಥದಲ್ಲಿ: ಗಾಯ ಮಾಯುವಾಗ ಹೊಸ ರಕ್ತನಾಳಗಳನ್ನು ಚಿಗುರಿಸಿ ಕೋಶಗಳನ್ನು ಬೆಳೆಯಿಸುವ ಉಪಾಯಗಳನ್ನೇ ಗಂತಿಯು ತನ್ನ ಪೋಷಣೆಗೆ ಬಳಸಿಕೊಳ್ಳುತ್ತದೆ.

ಉರಿಯೂತದ ಈ ಇಬ್ಬಗೆಯನ್ನು ತೋರಿಸಲು ಒಂದೇ ವಸ್ತುವಿನ ಚರಿತ್ರೆ ಸಾಕು. ಕೋಲಿಯವರ ಚಿಕಿತ್ಸೆಯ ಗುಟ್ಟನ್ನು ಅರಸುತ್ತ, ನ್ಯೂಯಾರ್ಕಿನಲ್ಲಿ ಲಾಯ್ಡ್ ಓಲ್ಡ್ ಮತ್ತು ಅವರ ಸಂಗಡಿಗರು 1975ರಲ್ಲಿ, ಬ್ಯಾಕ್ಟೀರಿಯದ ವಿಷಕ್ಕೆ ಒಡ್ಡಿದ ಇಲಿಗಳ ರಕ್ತರಸದಲ್ಲಿ, ಗಂತಿಯನ್ನು ಕೊಳೆಯಿಸಿ ಕೊಲ್ಲುವ ಒಂದು ಪದಾರ್ಥವನ್ನು ಕಂಡುಹಿಡಿದರು. ಟಿಎನ್‌ಎಫ್ ಎಂಬ ಈ ಪದಾರ್ಥದಿಂದ ಅರ್ಬುದಕ್ಕೆ ಕೊನೆಗಾಲ ಬಂದಿತೆಂದು ಹಲವರು ನಂಬಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ 1993ರಲ್ಲಿ ಬಾಸ್ಟನ್ನಿನ ಗೋಖಾನ್ ಹೊತಾಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗಲ್‌ಮನ್ ಅವರು, ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ, ಯಾವ ಸೋಂಕೂ ಇಲ್ಲದೆಯೇ, ಅದೇ ಪದಾರ್ಥವು ಸದಾ ಜಿನುಗುತ್ತಿರುವುದನ್ನೂ, ಅದರಿಂದ ಇನ್ಸುಲಿನ್ನಿನ ಮಾತಿಗೆ ಮೈ ಕಿವಿಗೊಡದಂತಾಗುವುದನ್ನೂ ತೋರಿಸಿದರು. 1999ರಲ್ಲಿ ಲಂಡನ್ನಿನ ವಿಜ್ಞಾನಿಗಳು, ಟಿಎನ್‌ಎಫ್ ಉತ್ಪತ್ತಿಯಾಗದಂತೆ ಮಾಡಿದ ಇಲಿಗಳ ಚರ್ಮಕ್ಕೆ ಅರ್ಬುದಕಾರಕ ರಾಸಾಯನಿಕಗಳನ್ನು ಹಚ್ಚಿದಾಗ, ಅವುಗಳಲ್ಲಿ ಗಂತಿಗಳು ಹೆಚ್ಚಾಗುವುದರ ಬದಲು ಬಹಳ ಕಡಿಮೆಯಾದುದನ್ನು ಕಂಡರು. ಒಮ್ಮೆಗೇ ಧಾರಾಳವಾಗಿ ಸುರಿದಾಗ ಗಂತಿಯ ರಕ್ತನಾಳಗಳನ್ನು ಹಾಳುಗೆಡವುವ ಪದಾರ್ಥವೇ, ದಿನವೂ ಇಷ್ಟಿಷ್ಟಾಗಿ ಒಸರಿದಾಗ ಗಂತಿಯನ್ನು ಸಾಕುತ್ತದೆ. ರೋಗನಿರೋಧಶಕ್ತಿಯು ಕೊಡದಲ್ಲಿಯ ನೀರಿನಂತೆ ಹೆಚ್ಚಿಸಬಹುದಾದ, ಹೆಚ್ಚಿದಷ್ಟೂ ಒಳ್ಳೆಯದಾದ ಒಂದು ಪರಿಮಾಣವೆಂಬ ಭಾವನೆಯಿಂದ ಸೀಸೆಯ ಲೇಹ್ಯ, ಟಾನಿಕ್ಕುಗಳನ್ನು ಕೊಳ್ಳುವವರು ಈ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು.

ಕೊಬ್ಬಿನಲ್ಲಿ ಈ ಉರಿ ಹೊತ್ತಿಕೊಳ್ಳುವ ಬಗೆ ನೋಡತಕ್ಕುದಾಗಿದೆ. ಕೊಬ್ಬಿನ ಕೋಶವೆಂದರೆ ಬಹುಮಟ್ಟಿಗೆ ಒಂದು ತೈಲಬಿಂದು. ಕೋಶಕೇಂದ್ರವೂ ಉಳಿದ ಅಂಗಗಳೂ ಅಂಚಿಗೆ ಒತ್ತರಿಸಲ್ಪಟ್ಟು, ನಡುವೆಲ್ಲ ಎಣ್ಣೆಯೇ ತುಂಬಿರುತ್ತದೆ. ಪ್ರಾಯ ಬಂದ ಮೇಲೆ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ನಿಶ್ಚಿತವಾಗಿಯೇ ಉಳಿಯುವುದರಿಂದ, ಮೈ ಬೆಳೆದಂತೆಲ್ಲ ಒಂದೊಂದು ಕೋಶವೂ ಉಬ್ಬಬೇಕಾಗುತ್ತದೆ. ಉಬ್ಬಿದ ಕೋಶಕ್ಕೆ ಪ್ರಾಣವಾಯು ಸಾಕಷ್ಟು ಮುಟ್ಟದೆ, ಪೊರೆ ಬಿಗಿದು, ಕಡೆಗೆ ಅದು ಸಾಯುತ್ತದೆ; ಸತ್ತ ಕೋಶದಿಂದ ಚೆಲ್ಲಿದ ಎಣ್ಣೆ ಒಬ್ಬ ಭಕ್ಷಕನ ಒಂದು ತುತ್ತಿಗೆ ಮೀರಿದುದು. ಆದುದರಿಂದ ಬೆಲ್ಲದ ಉಂಡೆಗೆ ಇರುವೆ ಮುತ್ತಿದಂತೆ ಹತ್ತಾರು ಮಹಾಭಕ್ಷಕ ಕೋಶಗಳು ಆ ಒಂದು ಬಿಂದುವಿನ ಸುತ್ತ ಒತ್ತಾಗಿ ನೆರೆದು, ಮೆಲ್ಲಮೆಲ್ಲನೆ ಅದನ್ನು ಹೀರತೊಡಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೊಬ್ಬಿನ ಕೋಶಗಳ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ದಟ್ಟವಾದ ಬಳೆಯಂತೆ ಕಾಣುವ ಈ ರಚನೆಗಳಿಗೆ ವಿಜ್ಞಾನಿಗಳು ಕಿರೀಟಾಕೃತಿಗಳೆಂದು ಹೆಸರಿಟ್ಟಿದ್ದಾರೆ. ಹೀರಿ ಮುಗಿಯುವಷ್ಟರಲ್ಲಿ ನೆರೆಯ ಕೋಶ ಸತ್ತಿರುತ್ತದೆ. ಅಲ್ಲಿ ನೆರೆದವರ ಕೂಗು ಕೇಳಿ ರಕ್ತದಿಂದ ಇನ್ನಷ್ಟು ಭಕ್ಷಕರು ಬರುತ್ತಾರೆ. ಅಮೆರಿಕದಲ್ಲಿ 2003ರಲ್ಲಿ ಎಣಿಸಿ ನೋಡಿದಾಗ, ಕೃಶರಾದವರ ಕೊಬ್ಬಿನಲ್ಲಿ ನೂರು ಕೋಶಗಳಲ್ಲಿ ಹತ್ತಕ್ಕೂ ಕಡಿಮೆಯಿದ್ದ ಮಹಾಭಕ್ಷಕಗಳು, ಬಹಳ ಬೊಜ್ಜಿನವರಲ್ಲಿ ನಲವತ್ತರ ಸಮೀಪಕ್ಕೆ ಏರಿದ್ದುವು. ಇಷ್ಟೆಲ್ಲ ನಡೆದರೂ ಮೈ ಬಿಸಿಯೇರುವುದಿಲ್ಲ, ನೋವೂ ಇರುವುದಿಲ್ಲ. ಈ ಉರಿಯ ದೊಡ್ಡ ಅಪಾಯವೇ ಅದರ ಮೌನ.

ಇಂಥ ಕಿರೀಟಗಳು ಹೊಟ್ಟೆಯ ಕೊಬ್ಬಿನಲ್ಲಿ ಮಾತ್ರವಲ್ಲ, ಸ್ತನದ ಕೊಬ್ಬಿನಲ್ಲಿಯೂ ಉಂಟು. ಮುಟ್ಟು ನಿಂತ ಸ್ತ್ರೀಯರಲ್ಲಿ ಈಸ್ಟ್ರೋಜೆನ್ ಹೆಚ್ಚಾಗಿ ತಯಾರಾಗುವುದು ಅಂಡಾಶಯದಲ್ಲಲ್ಲ, ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವದ ಮೂಲಕ. ಕಿರೀಟಗಟ್ಟಿದ ಭಕ್ಷಕಗಳು ಸ್ರವಿಸುವ ದ್ರವ್ಯಗಳು ನೆರೆಯ ಕೋಶಗಳಲ್ಲಿ ಆ ಕಿಣ್ವವನ್ನು ಹೆಚ್ಚಿಸುವುದರಿಂದ, ಈಸ್ಟ್ರೋಜೆನ್ನಿನಿಂದ ಬೆಳೆಯತಕ್ಕ ಗಂತಿಗೆ ಆಹಾರವು ಅದರ ಮಗ್ಗುಲಲ್ಲಿಯೇ ಸಿದ್ಧವಾಗುತ್ತದೆ. ಯಕೃತ್ತಿನಲ್ಲಿಯಾದರೆ ಟಿಎನ್‌ಎಫ್ ಮತ್ತು ಐಎಲ್-6 ಎಂಬ ಎರಡು ದ್ರವ್ಯಗಳೇ ಬೊಜ್ಜಿನ ಇಲಿಗಳಲ್ಲಿ ಗಂತಿಯನ್ನು ಪ್ರಚೋದಿಸುವುದು 2010ರಲ್ಲಿ ಸಿದ್ಧಪಟ್ಟಿತು. ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 2016ರಲ್ಲಿ, ದೊಡ್ಡ ಕರುಳು, ಯಕೃತ್ತು, ಪಿತ್ತಕೋಶ, ಮೂತ್ರಪಿಂಡ, ಗರ್ಭಕೋಶ ಮೊದಲಾದವುಗಳ ಒಟ್ಟು 13 ಬಗೆಯ ಅರ್ಬುದಗಳಿಗೂ ಬೊಜ್ಜಿಗೂ ಇರುವ ನಂಟಿಗೆ ಸಾಕಷ್ಟು ಸಾಕ್ಷ್ಯವಿದೆಯೆಂದು ಒಪ್ಪಿತು.

ಉರಿಯನ್ನು ಹೊತ್ತಿಸುವುದು ಒಂದು ಕಡೆಯಾದರೆ, ಕಾವಲನ್ನು ಕುಂಠಿತಗೊಳಿಸುವುದು ಇನ್ನೊಂದು ಕಡೆ. ಅರ್ಬುದಕೋಶವನ್ನು ಗುರುತಿಸಿ ಕೊಲ್ಲತಕ್ಕ ಸಹಜಹಂತಕ ಕೋಶಗಳು ಬೊಜ್ಜಿನವರ ಮೈಯಲ್ಲಿ ತಾವೇ ಕೊಬ್ಬನ್ನು ತುಂಬಿಕೊಂಡು ಜಡವಾಗುವುದನ್ನು ಲಿಡಿಯಾ ಲಿಂಚ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಅಂಥ ಹಂತಕಕೋಶವು ಅರ್ಬುದಕೋಶದ ಬಳಿಗೆ ಹೋಗುತ್ತದೆ, ಅದನ್ನು ತಬ್ಬಿ ಹಿಡಿಯುತ್ತದೆ. ಆದರೆ ಒಳಗಿನ ಮಾರಕ ದ್ರವ್ಯದ ಕಣಗಳನ್ನು ತಬ್ಬಿದ ಎಡೆಗೆ ಸಾಗಿಸಲಾರದೆ ಸುಮ್ಮನಾಗುತ್ತದೆ. ಎರಡು ವರ್ಷಗಳ ತರುವಾಯ ಹಾರ್ವರ್ಡಿನಿಂದ ಬಂದ ಸಂಗತಿ ಇನ್ನೂ ವಿಚಿತ್ರ: ಕೊಬ್ಬಿನ ಆಹಾರ ತಿಂದ ಇಲಿಗಳಲ್ಲಿ ಅರ್ಬುದಕೋಶಗಳು ಕೊಬ್ಬನ್ನು ಇಂಧನವಾಗಿ ಹೀರಿಕೊಳ್ಳಲು ಬಹುಬೇಗ ಕಲಿತು, ಅದೇ ಇಂಧನವನ್ನು ಬೇಡುವ, ಟಿ ಕೋಶಗಳೆಂಬ ರಕ್ಷಕ ಬಿಳಿಯ ರಕ್ತಕಣಗಳಿಗೆ ಉಳಿಸುವುದಿಲ್ಲ. ಮೈಯೆಲ್ಲ ಮೇದಸ್ಸು ತುಂಬಿದ ಪ್ರಾಣಿಯ ಗಂತಿಯೊಳಗೆ ರಕ್ಷಕಕೋಶವು ಮೇದಸ್ಸಿಲ್ಲದೆ ಹಸಿದಿರುವುದು ಹೀಗೆ.

ಇಷ್ಟಕ್ಕೇ ನಿಂತಿದ್ದರೆ ಕಥೆ ಸರಳವಾಗುತ್ತಿತ್ತು. ಟಿ ಕೋಶಗಳಿಗೆ ಕಡಿವಾಣ ಹಾಕುವ ಸಿಟಿಎಲ್‌ಎ-4 ಮತ್ತು ಪಿಡಿ-1 ಎಂಬ ಪ್ರೋಟೀನುಗಳನ್ನು ತಡೆದು ಅರ್ಬುದಕ್ಕೆ ಚಿಕಿತ್ಸೆ ಮಾಡುವ ಮಾರ್ಗಕ್ಕಾಗಿ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದೇ ವರ್ಷ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಮೈಯೆಲ್ಲ ಹರಡಿದ ಮೆಲನೋಮವೆಂಬ ಚರ್ಮದ ಅರ್ಬುದಕ್ಕೆ ಈ ಬಗೆಯ ಔಷಧ ಪಡೆದ ಪುರುಷರ ಪೈಕಿ, ಬೊಜ್ಜಿದ್ದವರೇ ಸಾಧಾರಣ ತೂಕದವರಿಗಿಂತ ಹೆಚ್ಚು ಕಾಲ ಬದುಕಿದುದು ಕಂಡುಬಂದು ವೈದ್ಯರು ಬೆರಗಾದರು. ಇದಕ್ಕೆ ಒಂದು ಸಮಾಧಾನ ಮರುವರ್ಷವೇ ದೊರೆಯಿತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಕಂಡುಹಿಡಿದ, ಕೊಬ್ಬಿನ ಕೋಶಗಳೇ ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ಟಿ ಕೋಶಗಳ ಮೇಲೆ ಪಿಡಿ-1 ಅನ್ನು ಹೆಚ್ಚಿಸುತ್ತದೆ. ಕಡಿವಾಣ ಬಿಗಿಯಾದುದರಿಂದ ಗಂತಿ ಬೇಗ ಬೆಳೆಯುತ್ತದೆ. ಬಿಗಿಯಾಗಿದ್ದ ಕಾರಣದಿಂದಲೇ, ಔಷಧವು ಅದನ್ನು ಕಳಚಿದಾಗ ಫಲವೂ ದೊಡ್ಡದಾಗಿ ತೋರುತ್ತದೆ. ಬೊಜ್ಜು ಅರ್ಬುದಕ್ಕೆ ರಕ್ಷೆಯೆಂದು ಇದರಿಂದ ತೀರ್ಮಾನಿಸುವುದು, ಬೀಗ ಕೆಟ್ಟಿದ್ದರಿಂದಲೇ ಬೀಗ ರಿಪೇರಿಯವನ ಕೈಚಳಕ ಗೊತ್ತಾಯಿತೆಂದು ಕೆಟ್ಟ ಬೀಗವನ್ನು ಹೊಗಳಿದಂತೆ.

ಹೊತ್ತಿದ ಉರಿಯನ್ನು ಇಳಿಸುವುದು ಸಾಧ್ಯವೇ ಎಂಬ ಪ್ರಶ್ನೆಗೆ ಕ್ಲೀವ್‌ಲ್ಯಾಂಡಿನ ವೈದ್ಯರು 2022ರಲ್ಲಿ ಕೊಟ್ಟ ಲೆಕ್ಕ ಆಶಾದಾಯಕವಾಗಿದೆ. ಬೊಜ್ಜಿನ 30,000ಕ್ಕೂ ಹೆಚ್ಚು ಮಂದಿಯನ್ನು ಅವಲೋಕಿಸಿದಾಗ, ಜಠರದ ಶಸ್ತ್ರಚಿಕಿತ್ಸೆಯಿಂದ ತೂಕವನ್ನು ಬಹಳ ಇಳಿಸಿಕೊಂಡವರಲ್ಲಿ, ಚಿಕಿತ್ಸೆಯಿಲ್ಲದವರಿಗಿಂತ, ಬೊಜ್ಜಿನೊಡನೆ ಸಂಬಂಧವುಳ್ಳ ಅರ್ಬುದಗಳು ನೂರಕ್ಕೆ 32ರಷ್ಟು ಕಡಿಮೆಯಾಗಿದ್ದುವು. ಇದರಲ್ಲಿ ಉರಿ ಇಳಿದುದರ ಪಾಲೆಷ್ಟು, ಇನ್ಸುಲಿನ್ ಮತ್ತು ಈಸ್ಟ್ರೋಜೆನ್ ಇಳಿದುದರ ಪಾಲೆಷ್ಟು ಎಂದು ಬೇರ್ಪಡಿಸಲು ಅಂಥ ಲೆಕ್ಕದಿಂದ ಆಗುವುದಿಲ್ಲ; ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಬೇರ್ಪಡಿಸುವ ಆತುರವೂ ನಮಗೆ ಬೇಡ.

ನಮ್ಮ ನಾಡಿನ ಓದುಗರಿಗೆ ಹೇಳಲೇಬೇಕಾದುದೊಂದು ಉಳಿದಿದೆ. ಸ್ತನದ ಕೊಬ್ಬಿನ ಕಿರೀಟಾಕೃತಿಗಳು ತೂಕ ಸಾಧಾರಣವಾಗಿರುವ ಸ್ತ್ರೀಯರಲ್ಲಿಯೂ ಕೆಲವರಿಗೆ ಕಂಡುಬಂದಿವೆ. ಅಂದಮೇಲೆ ತಕ್ಕಡಿಯೊಂದನ್ನೇ ನೆಚ್ಚುವಂತಿಲ್ಲ. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಅವರು ಲಂಡನ್ನಿನ ತಮ್ಮ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರೊಡನೆ ನಿಂತ ಚಿತ್ರವನ್ನು 2004ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು: ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರದೂ 22.3; ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು 21.2. ತೋಳು ತೆಳ್ಳಗಿದ್ದು ಹೊಟ್ಟೆಯೊಳಗೆ ಕೊಬ್ಬು ಕೂಡಿಸಿಕೊಳ್ಳುವ ಈ ಮೈಕಟ್ಟು ಭಾರತೀಯರಲ್ಲಿ ಬಹಳ. ಆದುದರಿಂದಲೇ ಇಲ್ಲಿಯ ವೈದ್ಯರು ಪಾಶ್ಚಾತ್ಯರ 25 ಮತ್ತು 30ರ ಗಡಿಗಳನ್ನು ಬಿಟ್ಟು, ಸೂಚಿ 23 ದಾಟಿದರೆ ಅಧಿಕ ತೂಕವೆಂದೂ 25 ಮುಟ್ಟಿದರೆ ಬೊಜ್ಜೆಂದೂ ಗಣಿಸುತ್ತಾರೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರಿಗೆ ಮುಟ್ಟಿದೆಯೇ ಎಂದು ಟೇಪು ಹಿಡಿದು ನೋಡುತ್ತಾರೆ.