ಊರಿನ ನಂಬರ್ ಉಳಿಸಿ, ಅಲ್ಲಿನ ನೆಟ್ ಬಳಸಿ

ಮಗಳ ಬಾಣಂತನಕ್ಕೆ ಅಮೆರಿಕ, ಮುಕ್ತಿನಾಥನ ದರ್ಶನಕ್ಕೆ ನೇಪಾಳ, ಹಜ್‌ಗೆ ಸೌದಿ... ಮಂಡ್ಯ ಸೀಮೆಯಿಂದ ಪರದೇಶಕ್ಕೆ ಹೊರಟವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದೇ ಇರುತ್ತದೆ. ಬಿಲ್ಲಿನ ಭಯವಿಲ್ಲದೆ ಅದನ್ನು ಬಳಸುವುದು ಹೇಗೆ?

ಕೆ.ಆರ್.ಪೇಟೆ ಕಡೆಯ ತಾಯಿಯೊಬ್ಬರು ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಡಲ್ಲಾಸ್‌ಗೋ ಹೊರಟರೆಂದರೆ ಮನೆಯಲ್ಲಿ ತಿಂಗಳ ಮೊದಲೇ ತಯಾರಿ ಶುರು. ರಾಗಿ ಹುರಿಹಿಟ್ಟು, ಚಟ್ನಿಪುಡಿ, ಸಾರಿನಪುಡಿ, ಬಾಣಂತಿ ಲೇಹ್ಯ, ಮೇಲುಕೋಟೆಯ ಪುಳಿಯೋಗರೆ ಗೊಜ್ಜು. ಸೂಟ್‌ಕೇಸ್ 23 ಕೆ.ಜಿ. ದಾಟದಂತೆ ತೂಗುವುದು, ತೆಗೆಯುವುದು, ಮತ್ತೆ ತುಂಬುವುದು. ಇಷ್ಟೆಲ್ಲ ಲೆಕ್ಕ ಹಾಕುವ ಮನೆಯಲ್ಲಿ ಫೋನಿನ ಲೆಕ್ಕ ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರ ಎರಡೇ. ‘ಅಲ್ಲೋದ್ಮೇಲೆ ಸ್ವಿಚಾಫ್ ಮಾಡ್ಬುಡು ಕಣವ್ವ, ದುಡ್ಡು ಕಟ್ಟಾಯ್ತದೆ’ ಎಂಬುದೊಂದು. ‘ಏನೂ ಆಗಕಿಲ್ಲ, ಸುಮ್ನೆ ತಕ್ಕೊಂಡೋಗು’ ಎಂಬುದು ಇನ್ನೊಂದು.

ಎರಡೂ ದುಬಾರಿ ಸಲಹೆಗಳೇ. ಸುಮ್ಮನೆ ತೆಗೆದುಕೊಂಡು ಹೋದರೆ ಏನಾಗುತ್ತದೆಂದು ಬಿಲ್ಲು ಹೇಳುತ್ತದೆ. ಆಫ್ ಮಾಡಿಟ್ಟರೆ ಕಳೆದುಕೊಳ್ಳುವುದು ಬೇರೆ ಥರದ್ದು. ಇವತ್ತು ಮೊಬೈಲ್ ನಂಬರ್ ಎಂದರೆ ಬರೀ ಮಾತಾಡುವ ನಂಬರಲ್ಲ. ಆಧಾರ್, ಬ್ಯಾಂಕ್ ಖಾತೆ, ಗೃಹಲಕ್ಷ್ಮಿ ಹಣ, ಡೇರಿಯ ಹಾಲಿನ ಬಟವಾಡೆ, ಕಬ್ಬಿನ ಬಿಲ್ಲು ಎಲ್ಲದರ ಮೆಸೇಜು ಬರುವುದು ಅದಕ್ಕೇ, ಒಟಿಪಿ ಬರುವುದೂ ಅದಕ್ಕೇ. ತಿಂಗಳುಗಟ್ಟಲೆ ಆ ನಂಬರ್ ಸತ್ತುಬಿದ್ದರೆ ಊರಿಗೆ ಬಂದ ಮೇಲೆ ಬ್ಯಾಂಕಿಗೂ ಆಧಾರ್ ಸೆಂಟರಿಗೂ ಅಲೆಯಬೇಕಾದೀತು.

ರೋಮಿಂಗ್ ಮರೆತ ಊರು

ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯಿಂದ ಬಂದ ನಿರ್ದೇಶಕ ನಾಗತಿಹಳ್ಳಿ ಚಂದ್ರಶೇಖರ್ 1990ರ ದಶಕದಲ್ಲಿ ‘ಅಮೆರಿಕಾ ಅಮೆರಿಕಾ’ ತೆಗೆದಾಗ ಪರದೇಶದ ಮಗನ ದನಿ ಊರಿಗೆ ತಲುಪುತ್ತಿದ್ದುದು ಲ್ಯಾಂಡ್‌ಲೈನಿಗೋ ಎಸ್‌ಟಿಡಿ ಬೂತಿಗೋ. ಐಎಸ್‌ಡಿ ಮೀಟರ್ ಓಡುವುದನ್ನು ನೋಡುತ್ತಾ ‘ಚೆನ್ನಾಗಿದೀಯಾ, ಊಟ ಆಯ್ತಾ, ಇಡ್ತೀನಿ’ ಎಂದು ಮುಗಿಸುತ್ತಿದ್ದ ಕಾಲ ಅದು. ಆಗ ವಿದೇಶಕ್ಕೆ ಹೋಗುತ್ತಿದ್ದವರು ಮಕ್ಕಳು. ಈಗ ಶ್ರೀರಂಗಪಟ್ಟಣ, ಪಾಂಡವಪುರದ ಬೀದಿಗಳಿಂದ ಅಪ್ಪ-ಅಮ್ಮಂದಿರೂ ಹೋಗಿ ಆರು ತಿಂಗಳು ಇದ್ದು ಬರುತ್ತಾರೆ. ಅವರ ಜೊತೆ ಊರಿನ ಸಿಮ್ಮೂ ಹೋಗುತ್ತದೆ.

ರೋಮಿಂಗ್ ಎಂದರೆ ಏನೆಂದು ಹೊಸ ತಲೆಮಾರಿಗೆ ಅನುಭವವೇ ಇಲ್ಲ. ಹಿಂದೆಲ್ಲ ಊಟಿಗೋ ತಿರುಪತಿಗೋ ಹೋದರೂ ಒಳಬರುವ ಕರೆಗೆ ದುಡ್ಡು ಕಟ್ಟಾಗುತ್ತಿತ್ತು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ದೇಶದೊಳಗೆ ರೋಮಿಂಗ್‌ನಲ್ಲಿ ಒಳಬರುವ ಕರೆಯನ್ನು ಉಚಿತ ಮಾಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಊಟಿಯಲ್ಲೂ ಕಾಶಿಯಲ್ಲೂ ಊರಿನ ಪ್ಯಾಕೇ ಓಡುತ್ತದೆ. ಆ ಅಭ್ಯಾಸದಲ್ಲಿ ದೇಶದ ಗಡಿ ದಾಟಿದಾಗಲೇ ಪೆಟ್ಟು ಬೀಳುವುದು.

ಬಿಲ್ ಏರುವುದು ಎಲ್ಲಿ?

ವಿಮಾನ ಇಳಿದು ಫೋನ್ ಆನ್ ಮಾಡಿದ ಕೂಡಲೇ ಅಲ್ಲಿನ ನೆಟ್‌ವರ್ಕ್ ನಮ್ಮ ಸಿಮ್ ಗುರುತಿಸಿ ಭಾರತದ ಕಂಪನಿಯನ್ನು ವಿಚಾರಿಸುತ್ತದೆ: ಈ ಗಿರಾಕಿ ನಿಮ್ಮವರೇ? ಸೇವೆ ಕೊಡಬಹುದೇ? ಇಲ್ಲಿಂದ ಒಪ್ಪಿಗೆ ಸಿಕ್ಕರೆ ಟವರ್ ಬರುತ್ತದೆ. ಆಮೇಲಿನ ಪ್ರತಿ ಕರೆಗೂ ಪ್ರತಿ ಎಂಬಿಗೂ ಅಲ್ಲಿನ ಕಂಪನಿ ನಮ್ಮ ಕಂಪನಿಯ ಲೆಕ್ಕಕ್ಕೆ ಬರೆಯುತ್ತದೆ, ನಮ್ಮ ಕಂಪನಿ ತನ್ನದನ್ನೂ ಸೇರಿಸಿ ನಮ್ಮ ಲೆಕ್ಕಕ್ಕೆ ಬರೆಯುತ್ತದೆ. ಡೇಟಾ ಕೂಡ ಅಲ್ಲಿಂದ ನೇರವಾಗಿ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ಸಾಮಾನ್ಯವಾಗಿ ನಮ್ಮ ಕಂಪನಿಯ ಜಾಲಕ್ಕೆ ಬಂದು, ಇಲ್ಲಿಂದ ಹೊರಟು, ಮತ್ತೆ ಅಲ್ಲಿಗೆ ತಲುಪುತ್ತದೆ. ಶ್ರೀರಂಗಪಟ್ಟಣದಿಂದ ಪಕ್ಕದ ಪಾಂಡವಪುರಕ್ಕೆ ಹೋಗಲು ಬೆಂಗಳೂರು ಸುತ್ತಿ ಬಂದ ಹಾಗೆ.

ದೇಶದೊಳಗಾದರೆ ಟ್ರಾಯ್‌ನಂಥ ಒಂದೇ ನಿಯಂತ್ರಕ ಸಂಸ್ಥೆ ಎಲ್ಲ ಕಂಪನಿಗಳಿಗೂ ಕಡಿವಾಣ ಹಾಕಬಹುದು. ಎರಡು ದೇಶಗಳ ನಡುವೆ ಅಂಥ ಯಜಮಾನರಿಲ್ಲ. ಒಟ್ಟಿಗೆ ಕೂತು ತೀರ್ಮಾನಿಸಿದರೆ ಆಗುತ್ತದೆ ಎಂಬುದಕ್ಕೆ ಐರೋಪ್ಯ ಒಕ್ಕೂಟ ಸಾಕ್ಷಿ: 2017ರ ಜೂನ್ 15ರಿಂದ ಅಲ್ಲಿನ ಸದಸ್ಯ ದೇಶಗಳ ನಡುವೆ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲ. ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ರೋಮ್‌ನಲ್ಲೂ ಓಡುತ್ತದೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಯುರೋಪ್ ಟೂರ್ ಹೋಗುವವರು ಸಿಮ್ ಕೊಳ್ಳುವಾಗ ಅದನ್ನು ಕೇಳಿಕೊಳ್ಳಬೇಕು.

ಇನ್ನೊಂದು ಸಂಗತಿ, ಬಿಲ್ ಏರಿಸುವುದು ನಾವಲ್ಲ, ನಮಗೆ ಗೊತ್ತಿಲ್ಲದೆ ನಮ್ಮ ಫೋನು. ಫೋಟೊಗಳು ತಾವಾಗಿಯೇ ಗೂಗಲ್‌ಗೆ ಏರುತ್ತಿರುತ್ತವೆ, ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುತ್ತವೆ, ಊರಿನ ಗ್ರೂಪಿನಲ್ಲಿ ಬಿದ್ದ ‘ಶುಭೋದಯ’ದ ವಿಡಿಯೊಗಳು ಇಳಿಯುತ್ತಿರುತ್ತವೆ. ಪ್ಯಾಕ್ ಇಲ್ಲದಿದ್ದರೆ ಇದೆಲ್ಲ ಎಂಬಿ ಲೆಕ್ಕ. ಎಂಬಿಗೆ 100 ರೂಪಾಯಿ ಎಂದಿಟ್ಟುಕೊಂಡರೆ 100 ಎಂಬಿಗೇ 10,000 ರೂಪಾಯಿ.

ನಂಬರ್ ಬೇರೆ, ನೆಟ್ ಬೇರೆ

ಇದಕ್ಕೆಲ್ಲ ಮದ್ದು ಒಂದೇ. ಫೋನು ಮಾಡುವ ಎರಡು ಕೆಲಸಗಳನ್ನು ಬೇರೆ ಮಾಡುವುದು. ಊರಿನ ಸಿಮ್ ಇರುವುದು ಒಟಿಪಿ ಹಿಡಿಯಲಿಕ್ಕೆ ಮಾತ್ರ. ಮಾತು, ವಿಡಿಯೊ ಕಾಲ್, ಮ್ಯಾಪು ಎಲ್ಲವೂ ವೈಫೈ ಮೇಲೆ ಅಥವಾ ಅಲ್ಲಿನ ಡೇಟಾ ಮೇಲೆ.

ರೋಮಿಂಗ್‌ನಲ್ಲಿದ್ದಾಗ ಒಳಬರುವ ಎಸ್‌ಎಂಎಸ್‌ಗೆ ನಮ್ಮ ದೊಡ್ಡ ಕಂಪನಿಗಳು ದುಡ್ಡು ಹಿಡಿಯುವುದಿಲ್ಲ. ಆದರೆ ಆ ಸಿಮ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಇರಬೇಕು, ಪ್ಯಾಕಿನ ವ್ಯಾಲಿಡಿಟಿಯೂ ಇರಬೇಕು. ಇದನ್ನು ಕರೆನ್ಸಿ ಹಾಕುವ ಅಂಗಡಿಯಲ್ಲಲ್ಲ, ಕಂಪನಿಯ ಆ್ಯಪ್‌ನಲ್ಲೋ ಕಸ್ಟಮರ್ ಕೇರ್‌ಗೋ ಕೇಳಿ ಖಚಿತ ಮಾಡಿಕೊಂಡೇ ವಿಮಾನ ಹತ್ತಬೇಕು. ಆರು ತಿಂಗಳಿಗೆ ಹೋಗುವವರಿಗೆ ಇಲ್ಲಿನ ಡೇಟಾ ಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಮಾಡಿದ ತಿದ್ದುಪಡಿಯ ಪ್ರಕಾರ ಕಂಪನಿಗಳು ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು. ವಿಶೇಷ ಪ್ಯಾಕ್‌ಗಳ ಅವಧಿಯನ್ನು 365 ದಿನದವರೆಗೂ ಇಡಬಹುದು. ಅಂಥದೊಂದನ್ನು ಹೊರಡುವ ಮುನ್ನವೇ ಹಾಕಿಸಿಕೊಂಡರೆ ನಂಬರ್ ಉಳಿಯುತ್ತದೆ. 90 ದಿನ ಬಳಕೆಯಿಲ್ಲದೆ ಬಿದ್ದ ನಂಬರನ್ನು ರದ್ದು ಮಾಡಲು ನಿಯಮದಲ್ಲಿ ಅವಕಾಶವಿದೆ ಎಂಬುದು ನೆನಪಿರಲಿ.

ಎಸ್‌ಎಂಎಸ್ ಉಚಿತ ಎಂದ ಮಾತ್ರಕ್ಕೆ ಕರೆ ಉಚಿತವಲ್ಲ. ಎತ್ತಿದ ಕೂಡಲೇ ಮೀಟರ್ ಓಡುತ್ತದೆ. ಊರಿನಿಂದ ಯಾರೇ ಕರೆ ಮಾಡಲಿ, ರಿಂಗ್ ಆಗಲು ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ತಿರುಗಿ ಮಾಡುವುದು ಜಾಣತನ. ವಾಟ್ಸ್‌ಆ್ಯಪ್ ಮಾತಿಗೆ ನಿಮಿಷಕ್ಕೆ ಅರ್ಧ ಎಂಬಿ ಆಸುಪಾಸು ಸಾಕು. ನೆಟ್ ತಿನ್ನುವುದು ವಿಡಿಯೊ.

ಹಾಗೆಂದು ಊರಿನ ಸಿಮ್ ತೆಗೆದು ಪರ್ಸಿನಲ್ಲಿ ಇಡುವುದೂ ಸರಿಯಲ್ಲ. ಯುಪಿಐ ಆ್ಯಪ್‌ಗಳು ಸಿಮ್ ನೋಡಿಯೇ ಖಾತೆ ತೆರೆಯುತ್ತವೆ. ವಾಟ್ಸ್‌ಆ್ಯಪ್‌ನಂಥ ಮೆಸೇಜ್ ಆ್ಯಪ್‌ಗಳೂ ನೋಂದಾಯಿತ ಸಿಮ್ ಫೋನಿನಲ್ಲಿದ್ದರೆ ಮಾತ್ರ ಓಡುವಂತೆ ಮಾಡಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಆದ್ದರಿಂದ ಊರಿನ ಸಿಮ್ ಒಂದನೇ ಸ್ಲಾಟ್‌ನಲ್ಲೇ ಇರಲಿ, ಡೇಟಾ ಎರಡನೆಯದರಲ್ಲಿ ಓಡಲಿ.

ಡೇಟಾಕ್ಕೆ ಮೂರು ದಾರಿ

ಮೊದಲನೆಯದು ನಮ್ಮದೇ ಕಂಪನಿಯ ರೋಮಿಂಗ್ ಪ್ಯಾಕ್. ನಾಲ್ಕೈದು ದಿನದ ಟೂರಿಗೆ ಇದೇ ಸಲೀಸು. ದೀರ್ಘಾವಧಿಯವೂ ಬಂದಿವೆ. 2025ರ ಏಪ್ರಿಲ್‌ನಲ್ಲಿ ಏರ್‌ಟೆಲ್ 4,000 ರೂಪಾಯಿಗೆ ಒಂದು ವರ್ಷದ ಪ್ಯಾಕ್ ತಂದಿತು: ವಿದೇಶದಲ್ಲಿ 5 ಜಿಬಿ ಡೇಟಾ, 100 ನಿಮಿಷ ಮಾತು, ಊರಿಗೆ ಬಂದಾಗ ಮಾಮೂಲಿ ಕರೆ-ಡೇಟಾ. ದರಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರದಲ್ಲಿ ಕಂಪನಿಯ ಆ್ಯಪ್‌ನಲ್ಲೇ ನೋಡಿ, ಹೋಗುವ ದೇಶದ ಹೆಸರು ಪಟ್ಟಿಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಎರಡನೆಯದು ಅಲ್ಲಿನ ಸಿಮ್. ತಿಂಗಳುಗಟ್ಟಲೆ ಇರುವವರಿಗೆ ಸಾಮಾನ್ಯವಾಗಿ ಇದೇ ಅಗ್ಗ. ಮಗನೋ ಅಳಿಯನೋ ತಮ್ಮ ಫ್ಯಾಮಿಲಿ ಪ್ಲಾನ್‌ಗೆ ಒಂದು ಲೈನ್ ಸೇರಿಸಿದರೆ ಕೆಲಸ ಮುಗಿಯಿತು.

ಮೂರನೆಯದು ಇ-ಸಿಮ್. ಚಿಪ್ಪು ಫೋನಿನೊಳಗೇ ಇರುತ್ತದೆ, ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಲ್ಲಿನ ಡೇಟಾ ಪ್ಲಾನ್ ಬಂದು ಕೂರುತ್ತದೆ. *#06# ಒತ್ತಿದಾಗ ಐಎಂಇಐ ಜೊತೆ ‘ಇಐಡಿ’ ಎಂಬ ಉದ್ದನೆಯ ಸಂಖ್ಯೆ ಕಂಡರೆ ನಿಮ್ಮ ಫೋನಿನಲ್ಲಿ ಈ ಸೌಲಭ್ಯವಿದೆ. ಅಳವಡಿಸಲು ಇಂಟರ್ನೆಟ್ ಬೇಕಾದ್ದರಿಂದ ಮನೆಯ ವೈಫೈನಲ್ಲೇ ಹಾಕಿಕೊಂಡು, ಅಲ್ಲಿ ಇಳಿದ ಮೇಲೆ ಆನ್ ಮಾಡಬೇಕು. ಆದರೆ ಸಿಕ್ಕಸಿಕ್ಕ ಆ್ಯಪ್‌ನಲ್ಲಿ ಕೊಳ್ಳಬೇಡಿ. ಭಾರತದಲ್ಲಿ ವಿದೇಶಿ ಸಿಮ್ ಮಾರಲು ಸರ್ಕಾರದ ಅನುಮತಿ ಬೇಕು. ವಂಚಕರು ಇಂಥ ಸಂಖ್ಯೆಗಳನ್ನು ಬಳಸುತ್ತಿದ್ದಾರೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಏರಾಲೊ, ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿ ತೆಗೆಸಲಾಗಿತ್ತು.

ದೇಶಕ್ಕೊಂದು ರೀತಿ

ನೇಪಾಳ: ಮತದಾರರ ಚೀಟಿ ತೋರಿಸಿ ದಾಟಬಹುದಾದ ದೇಶವಾದ್ದರಿಂದ ಪರದೇಶ ಎನ್ನಿಸುವುದೇ ಇಲ್ಲ. ಮೇಲುಕೋಟೆ ಸುತ್ತಿನ ಶ್ರೀವೈಷ್ಣವರಿಗೆ ಮುಕ್ತಿನಾಥ ದಿವ್ಯಕ್ಷೇತ್ರ. ಬಸ್ಸು ಸುನೌಲಿ ಗಡಿ ದಾಟಿದ್ದೇ ರೋಮಿಂಗ್ ಶುರು. ಗಡಿಯ ಈಚೆಗಿದ್ದಾಗಲೂ ಫೋನು ಆಚೆಯ ಟವರ್ ಹಿಡಿದೀತು, ಡೇಟಾ ರೋಮಿಂಗ್ ಮೊದಲೇ ಆಫ್ ಇರಲಿ. ಅಲ್ಲಿ ಎನ್‌ಸೆಲ್, ನೇಪಾಳ ಟೆಲಿಕಾಂ ಸಿಮ್ ಸಿಗುತ್ತವೆ.

ಸೌದಿ: ಹಜ್, ಉಮ್ರಾಗೆ ಹೋಗುವ ಶ್ರೀರಂಗಪಟ್ಟಣ, ನಾಗಮಂಗಲದ ಹಿರಿಯರಿಗೆ ಜನಸಾಗರದಲ್ಲಿ ತಮ್ಮವರನ್ನು ಹುಡುಕಲು ಫೋನೇ ಆಧಾರ. 2024ರಲ್ಲಿ ಬಂದ ಹಜ್ ಸುವಿಧಾ ಆ್ಯಪ್‌ಗೂ ನೆಟ್ ಬೇಕು. ಎಸ್‌ಟಿಸಿ, ಮೊಬಿಲಿ, ಝೈನ್ ಸಿಮ್‌ಗಳನ್ನು ಪಾಸ್‌ಪೋರ್ಟ್ ತೋರಿಸಿ, ಬೆರಳಚ್ಚು ಕೊಟ್ಟು ಪಡೆಯಬಹುದು.

ದುಬೈ: ವಾಟ್ಸ್‌ಆ್ಯಪ್ ಮೆಸೇಜು ಹೋಗುತ್ತದೆ, ಕರೆಗೆ ಅಲ್ಲಿ ಅವಕಾಶವಿಲ್ಲ. ಅನುಮತಿ ಇರುವ ಬೋಟಿಮ್‌ನಂಥ ಆ್ಯಪನ್ನು ಊರಿನವರ ಫೋನಿಗೂ ಮೊದಲೇ ಹಾಕಿಡಿ.

ಕೈಲಾಸ-ಮಾನಸ ಸರೋವರ: ಚೀನಾದ ಸಿಮ್‌ನಲ್ಲಿ ಗೂಗಲ್, ವಾಟ್ಸ್‌ಆ್ಯಪ್ ಇಲ್ಲ. ರೋಮಿಂಗ್ ಡೇಟಾ ನಮ್ಮ ಕಂಪನಿಯ ಜಾಲ ಸುತ್ತಿ ಬರುವುದರಿಂದ ಅಲ್ಲಿ ಅದೇ ಅನುಕೂಲ.

ಅಮೆರಿಕ: ‘ಕೀಪ್ಯಾಡ್ ಸೆಟ್ಟೇ ಸಾಕು’ ಎನ್ನುವವರಿಗೆ ಮುಖ್ಯ ಮಾತು. ಅಲ್ಲಿನ ಪ್ರಮುಖ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿವೆ. ಸಿಂಗಪುರ 2017ರಲ್ಲೇ 2ಜಿ ನಿಲ್ಲಿಸಿತು, ಆಸ್ಟ್ರೇಲಿಯಾ 2024ರಲ್ಲಿ 3ಜಿ ನಿಲ್ಲಿಸಿತು. ಹಳೆಯ 2ಜಿ ಸೆಟ್ಟಿಗೆ ಇಂಥ ದೇಶಗಳಲ್ಲಿ ಟವರ್ ಸಿಗುವುದು ಕಷ್ಟ.

ಇನ್ನು ಅಲ್ಲೇ ನೆಲೆಸಿರುವ ಮಕ್ಕಳಿಗೆ ಊರಿನ ನಂಬರಿನ ಹಂಗೂ ಕಡಿಮೆಯಾಗಿದೆ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಅಮೆರಿಕ, ಬ್ರಿಟನ್, ಯುಎಇ, ಸಿಂಗಪುರ ಸೇರಿ ಹತ್ತು ದೇಶಗಳ ನಂಬರಿನಿಂದ ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಲು ಅನುಮತಿ ಕೊಟ್ಟಿತು.

ಹೊರಡುವ ಹಿಂದಿನ ದಿನ

* ಸೆಟ್ಟಿಂಗ್ಸ್‌ನಲ್ಲಿ ಊರಿನ ಸಿಮ್‌ನ ‘ಡೇಟಾ ರೋಮಿಂಗ್’ ಆಫ್ ಮಾಡಿ. ಐಫೋನ್‌ನಲ್ಲಿ ಎರಡು ಸಿಮ್ ಇದ್ದರೆ ಡೇಟಾ ತಾನಾಗಿ ಒಂದರಿಂದ ಇನ್ನೊಂದಕ್ಕೆ ಬದಲಾಗುವ ಸೌಲಭ್ಯವನ್ನೂ ಆಫ್ ಮಾಡಿ.
* ವಾಟ್ಸ್‌ಆ್ಯಪ್‌ನ ‘ಸ್ಟೋರೇಜ್ ಮತ್ತು ಡೇಟಾ’ ಒಳಗೆ, ರೋಮಿಂಗ್‌ನಲ್ಲಿದ್ದಾಗ ಫೋಟೊ, ವಿಡಿಯೊ ಯಾವುದೂ ತಾನಾಗಿ ಇಳಿಯದಂತೆ ಟಿಕ್ ತೆಗೆಯಿರಿ.
* ಹೋಗುವ ಊರಿನ ಗೂಗಲ್ ಮ್ಯಾಪ್, ಗೂಗಲ್ ಟ್ರಾನ್ಸ್‌ಲೇಟ್‌ನ ಕನ್ನಡ ಎರಡನ್ನೂ ಮನೆಯಲ್ಲೇ ಇಳಿಸಿಕೊಳ್ಳಿ. ನೆಟ್ ಇಲ್ಲದೆಯೂ ಓಡುತ್ತವೆ.
* ಊರಿನ ನಂಬರ್‌ಗಳನ್ನೆಲ್ಲ +91 ಸೇರಿಸಿ ಸೇವ್ ಮಾಡಿ.
* ವಿಮಾನದಲ್ಲೂ ಹಡಗಿನಲ್ಲೂ ಫ್ಲೈಟ್ ಮೋಡ್ ತೆಗೆಯಬೇಡಿ. ಅಲ್ಲಿ ಸಿಗುವ ಉಪಗ್ರಹದ ನೆಟ್‌ವರ್ಕ್ ಎಲ್ಲಕ್ಕಿಂತ ದುಬಾರಿ, ಮಾಮೂಲಿ ರೋಮಿಂಗ್ ಪ್ಯಾಕ್ ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಇವೆಲ್ಲ ಮಾಡಲು ಹತ್ತು ನಿಮಿಷ ಸಾಕು. ಆದರೆ ಮಾಡಿಕೊಡುವವರು ಬೇಕು. ಸೂಟ್‌ಕೇಸ್ ತೂಗಲು ಬರುವ ಮೊಮ್ಮಗನಿಗೇ ಈ ಕೆಲಸವನ್ನೂ ವಹಿಸಿ. ಒಮ್ಮೆ ಊರಿನ ಸಿಮ್‌ನ ಡೇಟಾ ಆಫ್ ಮಾಡಿ, ವೈಫೈನಲ್ಲಿ ವಿಡಿಯೊ ಕಾಲ್ ಮಾಡುವುದನ್ನು ಅಜ್ಜಿಯ ಕೈಯಲ್ಲೇ ಮಾಡಿಸಲಿ. ಪ್ಯಾಕ್ ಎಷ್ಟಕ್ಕೆ ಎಂದು ಕೇಳುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಅಲ್ಲಿ ನನಗೆ ಬೇಕಿರುವುದು ನಂಬರೋ, ನೆಟ್ಟೋ? ನಂಬರಿಗೆ ವ್ಯಾಲಿಡಿಟಿ ಸಾಕು, ನೆಟ್ಟಿಗೆ ಅಲ್ಲಿನ ಸಿಮ್ಮೋ ವೈಫೈಯೋ ಇದೆ. ಎರಡನ್ನೂ ಒಂದೇ ಸಿಮ್‌ನಿಂದ ಬಯಸಿದರೆ ಮಾತ್ರ ಜೇಬಿಗೆ ಕತ್ತರಿ.